ಸಿಹಿ ಗುಳಿಗೆ: ತಿಳಿದು ಕೊಡೋಣ

ನಾರಾಯಣಗೂಡದಲ್ಲೂ ‘ಶುಗರ್‌ಲೆಸ್’ ಟೀ ಕೇಳುವ ಗಿರಾಕಿಗಳಿದ್ದಾರೆ. ಗಲ್ಲೆಯ ಪಕ್ಕ ಗುಳಿಗೆ ಡಬ್ಬಿ ಇಟ್ಟರೆ ಸಾಲದು, ಇಷ್ಟು ತಿಳಿದಿರಲಿ.

1. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಕುದಿಸಿದರೆ ಸಿಹಿ ಇಳಿಯುತ್ತದೆ, ಪಾಯಸಕ್ಕೆ ಆಗದು.

2. ಗುಳಿಗೆಯಿಂದ ಸಕ್ಕರೆ ತಪ್ಪಿದರೂ ನಾಲಿಗೆಗೆ ಸಿಹಿಯ ರೂಢಿ ತಪ್ಪುವುದಿಲ್ಲ. ತೂಕ ಇಳಿಸಲು ಇವನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಈ ಸಲಹೆ ಅನ್ವಯಿಸದು. ಅವರು ವೈದ್ಯರನ್ನೇ ಕೇಳಬೇಕು.

3. ಗಿರಾಕಿಗೆ ಹೇಳದೆ ಬೆರೆಸಬೇಡಿ. ಫಿನೈಲ್‌ಕೀಟೋನೂರಿಯಾ ಎಂಬ ಹುಟ್ಟುಕಾಯಿಲೆ ಇರುವವರಿಗೆ ಆಸ್ಪರ್ಟೇಮ್ ಅಪಾಯ.

4. ಟೀಗೆ ಸಕ್ಕರೆ ಬೇರೆಯಾಗಿ ಕೊಡಿ. ಪಾಯಸ ಸಣ್ಣ ಬಟ್ಟಲಲ್ಲಿ ಬಡಿಸಿ, ಕೇಳಿದರೆ ಮತ್ತೆ ಹಾಕಿ. ಹೊಟ್ಟೆ ಸಾಕೆಂದಾಗ ಗಿರಾಕಿ ನಿಲ್ಲಿಸುತ್ತಾನೆ. ಎಲೆಯಲ್ಲಿ ಬಿಡುವುದೂ ತಪ್ಪುತ್ತದೆ.