ಅಂಕಿ ಕೇಳಿದಿರಿ, ಅಳತೆ ಕೇಳಿದಿರಾ?

ನಂಜನಗೂಡು, ತಿ. ನರಸೀಪುರದ ಕಡೆ ಹೊಸದಾಗಿ ಹೊಲ-ಮನೆಯ ಜವಾಬ್ದಾರಿ ಹೊತ್ತ ಮಕ್ಕಳಿಗೆ ಈ ಮಾತು. ಸೂತ್ರಗಳನ್ನೆಲ್ಲ ಉರು ಹೊಡೆಯಬೇಡಿ. ಕೆಲವು ಗುರುತುಗಳು ನೆನಪಿದ್ದರೆ ಸಾಕು.

- ಜ್ವರ: ಥರ್ಮಾಮೀಟರಿನಲ್ಲಿ F ಇದೆಯೋ C ಇದೆಯೋ ಮೊದಲು ನೋಡಿ. 98.6 ಫ್ಯಾರನ್‌ಹೀಟೂ 37 ಸೆಲ್ಸಿಯಸ್ಸೂ ಒಂದೇ. 100.4 ಅಂದರೆ 38, 104 ಅಂದರೆ 40. ಸೆಲ್ಸಿಯಸ್ಸಿನಲ್ಲಿ 39 ಕಂಡು, ನೂರು ದಾಟಿಲ್ಲವಲ್ಲ ಎಂದು ಸುಮ್ಮನಾಗಬೇಡಿ. ಅದು 102ರ ಜ್ವರ.

- ಹವೆ: ನಮ್ಮ ಟಿವಿಯವರು ಹೇಳುವುದು ಸೆಲ್ಸಿಯಸ್. ಅಮೆರಿಕದಲ್ಲಿರುವ ನೆಂಟ ಫೋನಿನಲ್ಲಿ "ಇಲ್ಲಿ ನಲವತ್ತು" ಅಂದರೆ ಅಯ್ಯೋ ಬಿಸಿಲು ಅನ್ನಬೇಡಿ, ಅವನು ಸ್ವೆಟರ್ ಹಾಕಿಕೊಂಡಿರುತ್ತಾನೆ. ಅವನ ಫ್ಯಾರನ್‌ಹೀಟ್ ಅಂಕಿಯಿಂದ ಮೂವತ್ತು ಕಳೆದು ಅರ್ಧ ಮಾಡಿ, ಸೆಲ್ಸಿಯಸ್ಸಿನ ಅಂದಾಜು ಸಿಗುತ್ತದೆ.

- ಅಣೆಕಟ್ಟೆಯ ಮಟ್ಟ: ಕಬಿನಿ ತುಂಬಿದರೆ 2,284 ಅಡಿ, ಕೆಆರ್‌ಎಸ್ ತುಂಬಿದರೆ 124.80 ಅಡಿ. ಮೊದಲನೆಯದು ಸಮುದ್ರಮಟ್ಟದಿಂದ ಅಳೆದದ್ದು, ಎರಡನೆಯದು ನದಿಯ ತಳದಿಂದ. ಎರಡನ್ನೂ ಹೋಲಿಸಬೇಡಿ.

- ಹೊಳೆ: ಟಿಎಂಸಿ ಎಂಬುದು ಕೂಡಿಟ್ಟ ನೀರಿನ ಲೆಕ್ಕ, ಕ್ಯೂಸೆಕ್ ಹರಿಯುವ ನೀರಿನದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್‌ಗೂ ಸ್ವಲ್ಪ ಹೆಚ್ಚು. ಕಪಿಲೆಯ, ಅಂದರೆ ಕಬಿನಿ ಹೊಳೆಯ, ಸ್ನಾನಘಟ್ಟಕ್ಕೆ ಇಳಿಯುವ ಮುನ್ನ ಕಬಿನಿಯಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂದು ವಿಚಾರಿಸಿ. ತಿರುಮಕೂಡಲಿನ ಸಂಗಮದಲ್ಲಿದ್ದರೆ ಕೆಆರ್‌ಎಸ್‌ನಿಂದ ಬಿಟ್ಟಿದ್ದನ್ನೂ ಕೂಡಿಸಿಕೊಳ್ಳಿ.

- ಜಮೀನು: ನಲವತ್ತು ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ 1.20 ಎಂದಿದ್ದರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ದಶಾಂಶ ಎಂದುಕೊಂಡು ಕ್ಯಾಲ್ಕ್ಯುಲೇಟರ್ ಒತ್ತಿದರೆ ಹನ್ನೆರಡು ಗುಂಟೆ ಕೈಬಿಟ್ಟು ಹೋಗುತ್ತದೆ. ಗುಂಟೆ 33 ಅಡಿ ಚೌಕ, 1,089 ಚದರಡಿ. 30x40ರ ಸೈಟು ಅದಕ್ಕಿಂತ ತುಸು ದೊಡ್ಡದು.

- ಮಳೆ: ಹತ್ತು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು ನಲವತ್ತು ಸಾವಿರ ಲೀಟರ್ ನೀರು. ಪೇಪರಿನಲ್ಲಿ ಅಷ್ಟು ಮಳೆಯಾಗಿದೆ ಎಂದು ಓದಿದ ದಿನ ಪಂಪ್ ಹಾಕುವ ಮುನ್ನ ಹೊಲದ ಮಣ್ಣು ಮುಟ್ಟಿ ನೋಡಿ.

- ಔಷಧಿ: ಬೆಳೆಗೆ ಹೊಡೆಯುವ ಔಷಧಿಯ ಚೀಟಿಯಲ್ಲಿ ಲೀಟರಿಗೆ ಎಷ್ಟು ಎಂದಿದೆಯೋ, ಎಕರೆಗೆ ಎಷ್ಟು ಎಂದಿದೆಯೋ ಓದಿಕೊಳ್ಳಿ. ಲೀಟರಿಗೆ 2 ಎಂಎಲ್ ಎಂದಿದ್ದರೆ ಹದಿನಾರು ಲೀಟರಿನ ಕ್ಯಾನಿಗೆ 32 ಎಂಎಲ್. ಮುಚ್ಚಳದ ಅಂದಾಜು ಬೇಡ. ಮಗುವಿನ ಸಿರಪ್ಪಿಗೂ ಅಡುಗೆಮನೆ ಚಮಚ ಬೇಡ, ಬಾಟಲಿ ಜೊತೆ ಬಂದ ಅಳತೆಯ ಮುಚ್ಚಳವನ್ನೇ ಬಳಸಿ.

- ಪಾವು, ಸೇರು: ಅನ್ನಕ್ಕಿಡಲು ಪಾವಿನಲ್ಲೇ ಅಳೆಯಿರಿ. ಆದರೆ ಪಾವು ಅಕ್ಕಿಯೂ ಪಾವು ರಾಗಿಹಿಟ್ಟೂ ಒಂದೇ ತೂಕವಲ್ಲ. ಭತ್ತ ಮಾರುವಾಗ ಕಿಲೋ, ಕ್ವಿಂಟಲಿನಲ್ಲೇ ಮಾತಾಡಿ. ಚೀಲಕ್ಕೆ ಇಷ್ಟು ಎಂದರೆ ಚೀಲದಲ್ಲಿ ಎಷ್ಟು ಕಿಲೋ ಎಂದು ಮೊದಲೇ ಕೇಳಿ, ತೂಕದ ಯಂತ್ರಕ್ಕೆ ಸರ್ಕಾರದ ಮುದ್ರೆ ಬಿದ್ದಿದೆಯೇ ನೋಡಿ, ಆಮೇಲೆ ಬೆಲೆ ಒಪ್ಪಿ.