ಮದುವಣಿಗನ ಉಡುಪು

ಸುಗ್ಗಿ ಮುಗಿದು, ಕಣದ ರಾಗಿ ಮನೆ ಸೇರಿದ ಮೇಲೆ ನಾಗಮಂಗಲದ ಸೀಮೆಯಲ್ಲಿ ಮದುವೆಗಳ ಕಾಲ ಬರುತ್ತದೆ. ಮನೆಯ ಮುಂದೆ ಹಸಿರು ಚಪ್ಪರ ಏಳುತ್ತದೆ. ವಾಲಗದ ದನಿ ಕೇಳುತ್ತದೆ. ನಿನ್ನೆಯವರೆಗೆ ಹೊಲದಲ್ಲಿ ದುಡಿಯುತ್ತಿದ್ದ ತರುಣನು ಅಂದು ಮದುವಣಿಗನಾಗಿ ಹಸೆಯೇರುತ್ತಾನೆ. ನೆರೆದವರ ಕಣ್ಣಿಗೆ ಅವನನ್ನು ಒಂದು ದಿನದ ಅರಸನನ್ನಾಗಿ ಮಾಡುವುದು ಅವನ ಉಡುಪು.

ಹಳೆಯ ಮೈಸೂರು ಸೀಮೆಯಲ್ಲಿ ಈ ಉಡುಪು ಬಹು ಸರಳವಾದುದು. ಅಂಚುಳ್ಳ ಬಿಳಿಯ ಪಂಚೆ, ಬಿಳಿಯ ಅಂಗಿ, ಹೆಗಲ ಮೇಲೆ ಶಲ್ಯ, ತಲೆಗೆ ಪೇಟ—ಇವೇ ಅದರ ಮುಖ್ಯ ಅಂಗಗಳು. ಕಚ್ಚೆ ಹಾಕಿ ಉಡುವ ಪಂಚೆಗೆ 9 ಅಥವಾ 10 ಮೊಳ ಬಟ್ಟೆ ಬೇಕು. ಇದನ್ನು ಕತ್ತರಿಸುವುದಿಲ್ಲ, ಹೊಲಿಯುವುದಿಲ್ಲ. ಮಗ್ಗದಿಂದ ಇಳಿದಂತೆಯೇ ನೆರಿಗೆ ಹಿಡಿದು ಉಡುತ್ತಾರೆ. ಆದುದರಿಂದ ಅದು ಒಬ್ಬನ ಅಳತೆಗೆ ಕಟ್ಟುಬಿದ್ದುದಲ್ಲ. ಅಣ್ಣನು ಉಟ್ಟುದನ್ನು ತಮ್ಮನೂ ಉಡಬಹುದು. ನೆರೆಯ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯು ಕೈಮಗ್ಗದ ಪಂಚೆಗಳಿಗೆ ಹೆಸರಾದ ಊರು.

ರೇಷ್ಮೆ ಮತ್ತು ಜರಿಯಿಂದ ಕೂಡಿದ ಮೈಸೂರು ಪೇಟವು ಒಡೆಯರ ಆಸ್ಥಾನದಲ್ಲಿ ದರ್ಬಾರಿನ ಉಡುಪಿನ ಅಂಗವಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಗಳಲ್ಲಿ ನಾವು ಕಾಣುವುದು ಈ ಪೇಟವನ್ನೇ. ಅರಮನೆಯ ಈ ಗೌರವವು ಮದುವೆಯ ದಿನ ಸಾಮಾನ್ಯ ಒಕ್ಕಲುಮಗನ ತಲೆಯನ್ನೂ ಅಲಂಕರಿಸುತ್ತದೆ. ಹಣೆಗೆ ಬಾಸಿಂಗ ಕಟ್ಟುತ್ತಾರೆ. ಮುಂಗೈಗೆ ಅರಿಶಿನದ ಕೊಂಬಿನ ಕಂಕಣ ಕಟ್ಟುತ್ತಾರೆ. ಶಲ್ಯದ ತುದಿಗೂ ವಧುವಿನ ಸೆರಗಿಗೂ ಗಂಟು ಹಾಕುತ್ತಾರೆ. ಹೀಗೆ ಬಟ್ಟೆಯೇ ಇಬ್ಬರ ಬಾಳನ್ನು ಬೆಸೆಯುವ ಸಂಕೇತವಾಗುತ್ತದೆ.

ನಾಡಿನ ಎಲ್ಲ ಕಡೆಯೂ ವರನ ಉಡುಪು ಒಂದೇ ಬಗೆಯಲ್ಲ. ಕೊಡಗಿನ ವರನು ಬಿಳಿಯ ಕುಪ್ಯ ತೊಟ್ಟು, ನಡುವಿಗೆ ಕೆಂಪು ಚೇಲೆ ಬಿಗಿದು, ಅದರಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಳ್ಳುತ್ತಾನೆ. ಇಂದು ನಾಗಮಂಗಲದ ಮದುವೆಗಳಲ್ಲಿಯೂ ಆರತಕ್ಷತೆಯ ಸಂಜೆ ಸೂಟು, ಶೇರ್ವಾನಿಗಳು ಕಾಣುತ್ತವೆ. ಕಾಲಕ್ಕೆ ತಕ್ಕಂತೆ ಉಡುಪು ಬದಲಾಗುವುದು ಸಹಜ. ಆದರೆ ಆ ಉಡುಪಿನ ಬೆಲೆಯನ್ನು ತೆರುವವರು ಯಾರು ಎಂಬುದು ಯೋಚಿಸಬೇಕಾದ ವಿಷಯ.

'ಉಡುಗೊರೆ' ಎಂಬ ನಮ್ಮ ಮಾತಿನಲ್ಲಿಯೇ 'ಉಡು' ಎಂಬುದು ಅಡಗಿದೆ. ಉಡಲು ಬಟ್ಟೆ ಕೊಡುವುದು ಪ್ರೀತಿಯ ಗುರುತು. ಮಾವನು ಅಳಿಯನಿಗೆ ಮನಸಾರೆ ಒಂದು ಜೊತೆ ಪಂಚೆ ಕೊಟ್ಟರೆ ಅದು ಉಡುಗೊರೆ. ಸೂಟು, ಗಡಿಯಾರ, ಉಂಗುರಗಳನ್ನು ಮೊದಲೇ ಹೆಸರಿಸಿ, ಕೊಡದಿದ್ದರೆ ಮದುವೆಯಿಲ್ಲವೆಂದರೆ ಅದು ಉಡುಗೊರೆಯಾದೀತೆ? ಹೆಣ್ಣಿನ ತಂದೆಯು ಸಾಲಮಾಡಿ ತಂದ ಬಟ್ಟೆಯನ್ನು ತೊಟ್ಟವನು ಅರಸನಂತೆ ಕಂಡಾನೆ? 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ವರದಕ್ಷಿಣೆ ಕೇಳುವುದೂ ಕೊಡುವುದೂ ಪಡೆಯುವುದೂ ಅಪರಾಧ. ಕೇಳದೆ, ಶಕ್ತಿಮೀರದೆ, ವಾಡಿಕೆಯಂತೆ ಕೊಟ್ಟು, ಪಟ್ಟಿಯಲ್ಲಿ ಬರೆದಿಟ್ಟ ಕಾಣಿಕೆಗಳನ್ನು ಮಾತ್ರ ಕಾಯಿದೆ ಬೇರೆಯಾಗಿ ಕಾಣುತ್ತದೆ.

ಮದುವೆಯ ಆಡಂಬರವನ್ನು ಕಂಡು ನೊಂದ ಕುವೆಂಪು ಅವರು 'ಮಂತ್ರ ಮಾಂಗಲ್ಯ' ಎಂಬ ಸರಳ ವಿವಾಹ ಪದ್ಧತಿಯನ್ನು ರೂಪಿಸಿದರು. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಈ ರೀತಿಯಲ್ಲಿಯೇ ನಡೆಸಿದರು. ಅಲ್ಲಿ ವರದಕ್ಷಿಣೆಗೂ ದುಂದುವೆಚ್ಚಕ್ಕೂ ಎಡೆಯಿಲ್ಲ.

ಮದುವೆ ಮುಗಿದೊಡನೆ ಬಾಸಿಂಗವನ್ನು ಬಿಚ್ಚುತ್ತಾರೆ, ಕಂಕಣವನ್ನು ವಿಸರ್ಜಿಸುತ್ತಾರೆ, ಪೇಟವು ಪೆಟ್ಟಿಗೆ ಸೇರುತ್ತದೆ. ಒಂದು ದಿನದ ಅರಸನು ಮರಳಿ ಹೊಲಕ್ಕೆ ನಡೆಯುತ್ತಾನೆ. ಆಗಲೂ ಅವನೊಡನೆ ಉಳಿಯುವುದು ಯಾರನ್ನೂ ನೋಯಿಸದೆ ಗೃಹಸ್ಥನಾದೆನೆಂಬ ಮಾನ. ಮದುವಣಿಗನಿಗೆ ಅದಕ್ಕಿಂತ ಒಪ್ಪುವ ಉಡುಪು ಬೇರೊಂದಿಲ್ಲ.