ಹಾಲಲ್ಲದ ಹಾಲು, ಬಾಡಿಲ್ಲದ ಸಾರು

ಕಾವ್ಯ, ಚರಿತ್ರೆ, ಅರ್ಥಶಾಸ್ತ್ರಗಳ ಲೇಖನಗಳ ನಡುವೆ ಅಡುಗೆಮನೆಯ ವಿಷಯವನ್ನೆತ್ತಿದರೆ ಕೆಲವರಿಗೆ ನಗೆ ಬರಬಹುದು. ಆದರೆ ಬಡವರ ಮನೆಯಲ್ಲಿ ಅನ್ನದ ವಿಚಾರಕ್ಕಿಂತ ಹಿರಿದಾದುದು ಯಾವುದಿದೆ? ನಾನು ಈ ವಿಷಯವನ್ನು ಅಭ್ಯಾಸ ಮಾಡಬೇಕಾಗಿ ಬಂದದ್ದು ಪುಸ್ತಕದಿಂದಲ್ಲ, ನನ್ನ ತಮ್ಮನಿಂದ.

ನಮ್ಮದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ. ನಾಗರಹೊಳೆ ಕಾಡಿನ ಬಾಗಿಲಿನಲ್ಲಿರುವ ಊರು. ತಮ್ಮನಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ನುಲಿತ. ವೈದ್ಯರು ಹಾಲನ್ನು ಬಿಡಿಸಿದರು. ಕೆಲವರಿಗೆ ಒಗ್ಗುವ ಮೊಸರೂ ಅವನಿಗೆ ಒಗ್ಗಲಿಲ್ಲ. “ಹಾಲೇ ಬ್ಯಾಡ ಅಂದ್ರೆ ಮಗ ಬೆಳೆಯೋದು ಹೆಂಗಪ್ಪ?” ಎಂದು ಅವ್ವ ಮರುಗಿ, ದಿನಕ್ಕೊಂದು ಲೋಟ ತೆಂಗಿನಕಾಯಿ ಹಾಲನ್ನು ಹಿಂಡಿ ಕೊಡತೊಡಗಿದಳು. ಬಣ್ಣ ಬಿಳುಪು, ರುಚಿ ಸಿಹಿ, ಮತ್ತೇನು ಬೇಕು? ನಾಲ್ಕು ತಿಂಗಳು ಕಳೆದರೂ ಹುಡುಗ ಮೈಹಿಡಿಯಲಿಲ್ಲ. ನಮ್ಮ ತಪ್ಪು ಎಲ್ಲಿದೆಯೆಂದು ಹುಡುಕಹೊರಟದ್ದೇ ಈ ಲೇಖನಕ್ಕೆ ಮೂಲ.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯುಂಟು. ಅದನ್ನು ಅರಗಿಸುವ ಕಿಣ್ವವು ಶೈಶವ ಕಳೆದ ಮೇಲೆ ಅನೇಕರಲ್ಲಿ ಕುಗ್ಗುತ್ತದೆ. ಇದು ರೋಗಕ್ಕಿಂತ ಹೆಚ್ಚಾಗಿ ಸ್ವಭಾವ. ಕಾಯಿಹಾಲಿನಲ್ಲಿ ಈ ಸಕ್ಕರೆ ಇಲ್ಲವಾದ್ದರಿಂದ ತಮ್ಮನ ಹೊಟ್ಟೆನೋವು ನಿಂತಿತು. ಆದರೆ ಅದರಲ್ಲಿರುವುದು ಮುಖ್ಯವಾಗಿ ಕೊಬ್ಬು. ಮೈ ಕಟ್ಟುವ ಸಸಾರಜನಕವೂ ಮೂಳೆಗೆ ಬೇಕಾದ ಸುಣ್ಣವೂ ಕಡಿಮೆ. ಒತ್ತುಶ್ಯಾವಿಗೆಯ ಜೊತೆಗೆ ಬೆಲ್ಲ ಬೆರೆಸಿದ ಕಾಯಿಹಾಲಿಗೆ ಸಮನಾದ ರುಚಿ ಬೇರೊಂದಿಲ್ಲ, ನಿಜ. ಆದರೆ ರುಚಿಯಲ್ಲಿ ನಿಲ್ಲುವುದೆಲ್ಲ ಸತ್ತ್ವದಲ್ಲಿ ನಿಲ್ಲಬೇಕೆಂಬ ನಿಯಮವಿಲ್ಲ. ಬದಲಿ ಆಹಾರವನ್ನು ಆರಿಸುವಾಗ ಅದು ಯಾವುದನ್ನು ಹೋಲುತ್ತದೆ ಎಂಬುದಕ್ಕಿಂತ, ಬಿಟ್ಟ ಆಹಾರದ ಯಾವ ಕೆಲಸವನ್ನು ಅದು ಮಾಡುತ್ತದೆ ಎಂಬುದನ್ನು ನೋಡಬೇಕು.

ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಉತ್ತರ ಹುಡುಕಿದವರಿದ್ದಾರೆ. ಮೈಸೂರಿನ ಚೆಲುವಾಂಬ ವಿಲಾಸ ಸೌಧದಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಆರಂಭವಾಯಿತು. ಅದರ ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಂಗಡಿಗರು, ಹಾಲು ಎಟುಕದ ಜನಕ್ಕಾಗಿ ಕಡಲೆಕಾಯಿಯನ್ನು ಆರಿಸಿಕೊಂಡರು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಬೆರೆಸಿ, ಜೀವಸತ್ವಗಳನ್ನೂ ಸುಣ್ಣವನ್ನೂ ಕೂಡಿಸಿದ ಬಹೂಪಯೋಗಿ ಆಹಾರವು ಅಲ್ಲಿ ಸಿದ್ಧವಾಯಿತು. ಮುಂದೆ ಕಡಲೆಕಾಯಿಯ ಸಸಾರಜನಕವನ್ನು ಹಸು-ಎಮ್ಮೆಗಳ ಹಾಲಿನೊಡನೆ ಸೇರಿಸಿ ‘ಮಿಲ್ಟೋನ್’ ಎಂಬ ಪಾನೀಯವನ್ನೂ ರೂಪಿಸಿದರು. ಪ್ರಾಣಿಜನ್ಯವಾದ ಎಲ್ಲವನ್ನೂ ತೊರೆಯುವವರಿಗೆ ‘ವೀಗನ್’ ಎಂಬ ಹೆಸರು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ. ಅವರನ್ನು ನಡೆಸಿದ್ದು ದಯೆ. ಮೈಸೂರಿನವರನ್ನು ನಡೆಸಿದ್ದು ಕೊರತೆ. ದಾರಿಗಳೆರಡೂ ಕಾಳಿನ ಬಳಿಗೇ ಬಂದುವು.

ನಮ್ಮ ಮನೆಯಲ್ಲಿ ಮಾಡುವ ಕ್ರಮವಿದು. 100 ಗ್ರಾಂ ಕಡಲೆಕಾಯಿ ಬೀಜವನ್ನು ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ನುಣ್ಣಗೆ ರುಬ್ಬಿ, ಅರ್ಧ ಲೀಟರ್ ನೀರು ಬೆರೆಸಿ ಬಟ್ಟೆಯಲ್ಲಿ ಸೋಸಬೇಕು. ಮುರುಟಿದ, ಬೂಸಲು ಹಿಡಿದ ಬೀಜಗಳಲ್ಲಿ ವಿಷವಿರಬಹುದಾದ್ದರಿಂದ ಅವನ್ನು ಆರಿಸಿ ಎಸೆಯುವುದು ಕಡ್ಡಾಯ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿದರೆ ಹಸಿವಾಸನೆ ಹೋಗುತ್ತದೆ. ಇದಕ್ಕೆ ಮೊಳಕೆ ರಾಗಿಯ ಹಾಲನ್ನು ಸೇರಿಸಿ ಕಾಯಿಸಿದರೆ ಸುಣ್ಣದ ಕೊರತೆ ಬಹುಮಟ್ಟಿಗೆ ತುಂಬುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣವುಂಟು. ಕಡಲೆಕಾಯಿ ಒಗ್ಗದ ದೇಹಪ್ರಕೃತಿಯವರು ಮಾತ್ರ ಇದನ್ನು ಮುಟ್ಟಬಾರದು.

ಇನ್ನು ಬಾಡಿನ ವಿಷಯ. ನಮ್ಮ ಕಡೆ ಸೋಮವಾರ, ಶನಿವಾರ ಮತ್ತು ಶ್ರಾವಣದಲ್ಲಿ ಬಾಡು ಬೇಯಿಸದ ಮನೆಗಳು ಬಹಳ. ಆದರೆ ಮಸಾಲೆಗೆ ಶ್ರಾವಣವಿಲ್ಲ! ಧನಿಯಾ, ಚಕ್ಕೆ, ಲವಂಗ, ಗಸಗಸೆ, ಕಾಯಿ, ಶುಂಠಿ, ಬೆಳ್ಳುಳ್ಳಿಗಳನ್ನು ಅದೇ ಹದದಲ್ಲಿ ರುಬ್ಬಿ, ಚಳಿಗಾಲದಲ್ಲಿ ಹಿತಕಿದ ಅವರೆಬೇಳೆಗೂ ಬೇಸಿಗೆಯಲ್ಲಿ ಎಳೆಯ ಹಲಸಿನಕಾಯಿಗೂ ಮಳೆ ಬಿದ್ದಾಗ ಅಣಬೆಗೂ ಹಾಕುತ್ತಾರೆ. ಹಲಸು ಎಳೆಎಳೆಯಾಗಿ ಬಿಡಿಸಿಕೊಂಡು ಬಾಡಿನಂತೆಯೇ ಬಾಯಿಗೆ ಸಿಗುತ್ತದೆ. ಆದರೆ 100 ಗ್ರಾಂ ಹಲಸಿನಕಾಯಿಯಲ್ಲಿ ಸಸಾರಜನಕ ಎರಡು ಮೂರು ಗ್ರಾಂ ಮಾತ್ರ. ಅಣಬೆಯಲ್ಲೂ ಸುಮಾರು ಅಷ್ಟೇ. ಕಾಯಿಹಾಲಿನ ಪಾಠವೇ ಇಲ್ಲಿಯೂ! ಅವರೆಬೇಳೆ ಬಾಡನ್ನು ಹೋಲದು, ಆದರೆ ಅದರ ಕೆಲಸವನ್ನು ಮಾಡುತ್ತದೆ.

ಪೇಟೆಯಲ್ಲಿ ಸಿಗುವ ಮೀಲ್ ಮೇಕರ್ ಎಣ್ಣೆ ತೆಗೆದ ಸೋಯಾ ಹಿಟ್ಟಿನದು. ಒಣಗಿದ್ದಾಗ ಅದರ ಅರ್ಧದಷ್ಟು ಸಸಾರಜನಕವೇ. ಬಿಸಿನೀರಿನಲ್ಲಿ ನೆನೆಸಿ, ಎರಡು ಮೂರು ಸಲ ಗಟ್ಟಿಯಾಗಿ ಹಿಂಡಿ ವಾಸನೆ ತೆಗೆದು, ಅನಂತರ ಮಸಾಲೆಯಲ್ಲಿ ಬೇಯಿಸಬೇಕು. ಹಿಂಡದೆ ಹಾಕಿದವರೇ ಅದನ್ನು ಹಳಿಯುವವರು.

ಒಂದು ಎಚ್ಚರಿಕೆ. ಬಿ12 ಎಂಬ ಜೀವಸತ್ವವನ್ನು ಸಸ್ಯಾಹಾರದಿಂದ ನೆಚ್ಚುವಂತಿಲ್ಲ. ಹಾಲು, ಮೊಟ್ಟೆ, ಮಾಂಸಗಳೆಲ್ಲವನ್ನೂ ಬಿಡುವವರು ವೈದ್ಯರನ್ನು ಕೇಳಿ ಅದನ್ನು ಬೇರೆಯಾಗಿ ಸೇವಿಸಬೇಕು. ನಮ್ಮ ತಮ್ಮನು ಮೊಟ್ಟೆ ತಿನ್ನುವುದರಿಂದ ಅವನಿಗೆ ಆ ಭಯ ಕಡಿಮೆ.

ಅವನೀಗ ಕಡಲೆಕಾಯಿ-ರಾಗಿ ಹಾಲನ್ನು ಬೆಳಗ್ಗೆ ಕುಡಿದು ಶಾಲೆಗೆ ಹೋಗುತ್ತಾನೆ. ಕಳೆದ ವರ್ಷದ ಅಂಗಿ ಅವನಿಗೆ ಹಿಡಿಸದು. ಕಾಯಿಹಾಲನ್ನು ಅವ್ವ ಬಿಟ್ಟಿಲ್ಲ; ಹಬ್ಬದ ದಿನ ಶ್ಯಾವಿಗೆಯ ಜೊತೆಗೆ ಬಡಿಸುತ್ತಾಳೆ. ಯಾವುದನ್ನು ಎಲ್ಲಿ ಇಡಬೇಕೆಂಬುದನ್ನು ನಮ್ಮ ಮನೆ ಕಲಿತಿದೆ. ಆ ಕಲಿಕೆ ಇತರ ಮನೆಗಳಿಗೂ ನಾಲ್ಕು ತಿಂಗಳು ಮೊದಲೇ ದೊರೆಯಲೆಂಬುದೇ ನನ್ನ ಆಶಯ.